ಕುಲುಕಿ ಕುಡಿಯತಕ್ಕದ್ದು

ಮೆಗ್ನೀಸಿಯಾ ಪುಡಿಯೂ ನೀರಿನಲ್ಲಿ ಕರಗುವುದಿಲ್ಲ, ಅಕ್ಕಿಹಿಟ್ಟೂ ಕರಗುವುದಿಲ್ಲ. ಆದರೆ ಮೆಗ್ನೀಸಿಯಾ ಗೋಂದಿನ ನೀರಿನಲ್ಲಿ ತೇಲಿಕೊಂಡು ಇಳಿಯಲೋ ಬೇಡವೋ ಎಂಬಂತೆ ನಿಧಾನವಾಗಿ ಇಳಿಯುತ್ತದೆ. ಹಿಟ್ಟಿಗೆ ಆ ಮರ್ಯಾದೆಯಿಲ್ಲ. ಸೌಟು ನಿಲ್ಲಿಸಿದ ಗಳಿಗೆಗೇ ತಳ ಸೇರಿ ಕೂತುಬಿಡುತ್ತದೆ. ಡಾಕ್ಟರ ಔಷಧದಂಗಡಿಯ ಕಾಂಪೌಂಡರ್ ನಜೀರ್ ಅಹ್ಮದ್ ದೊಡ್ಡ ಪಿಂಗಾಣಿ ಜಾಡಿಯೊಳಗೆ ಮರದ ಸೌಟು ಆಡಿಸುತ್ತಾ ಇದನ್ನೇ ಯೋಚಿಸುತ್ತಿದ್ದ. ಯೋಚನೆ ಅನ್ನುವುದಕ್ಕಿಂತ ಅದು ಹೊಟ್ಟೆಯ ಮೇಲ್ಭಾಗದಿಂದ ಎದೆಗೂಡಿಗೆ ಏರುವ ಉರಿಯೇ ಆಗಿತ್ತು. ಬೆಳಿಗ್ಗೆ ತಿಂದ ರೊಟ್ಟಿ ಹುಳಿಯಾಗಿ ಗಂಟಲಿಗೆ ಬರುತ್ತಿತ್ತು. ಮಧ್ಯಾಹ್ನ ಡಾಕ್ಟರು ಊಟಕ್ಕೆ ಮನೆಗೆ ಹೋಗುವವರೆಗೆ ತಡೆದುಕೊಳ್ಳಬೇಕು. ಅವರು ಹೋದಮೇಲೆ ಒಳಕೋಣೆಯ ಬೀರುವಿನಲ್ಲಿ ಬಿಳಿ ತಗಡಿನ ಡಬ್ಬಿಯಿದೆ, ಅದರಲ್ಲಿ ನಿಜವಾದ ಮೆಗ್ನೀಸಿಯಾ ಇದೆ. ಒಂದು ಚಮಚ ತೆಗೆದು ನೀರಿಗೆ ಹಾಕಿ ಕುಡಿದರೆ ಹತ್ತು ನಿಮಿಷದಲ್ಲಿ ಉರಿ ಇಳಿಯುತ್ತದೆ. ಧೂಳು ಒರೆಸುವವನು ಅವನೇ ಆದ್ದರಿಂದ ಬೀರುವಿನ ಬೀಗದಕೈಯೂ ಅವನ ಹತ್ತಿರವೇ ಇತ್ತು. ಇದನ್ನು ನೆನೆಯುವಾಗಲೆಲ್ಲ ಅವನಿಗೆ ಯಾರ ಮೇಲೋ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಹುಡುಕಿದರೆ ಸಿಟ್ಟು ಇನ್ನೂ ಹೆಚ್ಚುತ್ತಿತ್ತು. ಆದ್ದರಿಂದ ಹುಡುಕುವುದನ್ನು ಬಿಟ್ಟು ಸೌಟನ್ನು ಇನ್ನಷ್ಟು ಜೋರಾಗಿ ಆಡಿಸುತ್ತಿದ್ದ.

ನಾಲ್ಕು ತಿಂಗಳ ಹಿಂದೆ ಡಾಕ್ಟರು ಅವನನ್ನು ಕೋಣೆಗೆ ಕರೆದು, ಕುರ್ಚಿ ತೋರಿಸಿ ಕೂರಿಸಿಕೊಂಡಿದ್ದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನು ಆ ಕುರ್ಚಿಯಲ್ಲಿ ಕೂತದ್ದು. ಯುದ್ಧದ ಕಾಲ, ಹಡಗಿಲ್ಲ, ಬೊಂಬಾಯಿಯಿಂದ ಮಾಲಿಲ್ಲ ಎಂದು ಅವರು ಮೆಲ್ಲಗೆ ಹೇಳಿದ್ದರು. ಅವರು ಯಾವತ್ತೂ ದನಿ ಎತ್ತಿದವರಲ್ಲ. "ಎರಡು ಡಬ್ಬಿ ಉಳಿದಿದೆ ನಜೀರ್. ಬೇಕಾದವರು ಬಂದರೆ ಇಲ್ಲ ಅನ್ನೋ ಹಾಗಿರಬಾರದು. ಮಿಕ್ಕವರಿಗೆ ಬಿಳೀದು ಏನಾದರೂ ಹಾಕಿ, ಪೆಪ್ಪರ್‌ಮಿಂಟಿನ ನೀರು ಸ್ವಲ್ಪ ಜಾಸ್ತಿ ಮಾಡಿ. ನಂಬಿಕೇಲೇ ಅರ್ಧ ವಾಸಿ ಆಗುತ್ತೆ ಅವರಿಗೆ." ಬೇಕಾದವರು ಅಂದರೆ ಯಾರು ಎಂದು ಅವನು ಕೇಳಲಿಲ್ಲ. ಅಬಕಾರಿ ಕಂತ್ರಾಟುದಾರರು, ಪಟೇಲರ ಅತ್ತೆ, ರೈಲ್ವೆ ಸ್ಟೇಷನ್ನಿನ ಮಾಸ್ತರು. ಅವರ ಸೀಸೆಗಳನ್ನು ತುಂಬುವವನೂ ಅವನೇ ತಾನೆ. "ಆಗಲಿ ಸಾರ್" ಎಂದಿದ್ದ. ಎದ್ದು ಬರುವಾಗ ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಸಿಟ್ಟು ಬಂದಿದ್ದ. ಆ ಸರಿಸಿಟ್ಟದ್ದು ಈಗಲೂ ನೆನಪಾಗಿ ಕಿವಿ ಬಿಸಿಯಾಗುತ್ತದೆ. ಅದೇ ವಾರ ಹೆಂಡತಿ ರಹೀಮುನ್ನೀಸಾ ಹುಳಿತೇಗು ಎಂದು ನರಳಿ, ಅಂಗಡಿಯಿಂದ ಒಂದು ಸೀಸೆ ಬಿಳಿ ಔಷಧಿ ತನ್ನಿ ಎಂದಾಗ, "ಅದು ನಮಗಲ್ಲ" ಎಂದು ಗದರಿದ್ದ. ಯಾಕೆ ನಮಗಲ್ಲ ಎಂದು ಅವಳು ಕೇಳಿದಾಗ, ಕೋಟಿನ ಜೇಬಿನಿಂದ ಬೀರುವಿನ ಪುಡಿ ಕಟ್ಟಿದ್ದ ಕಾಗದದ ಪೊಟ್ಟಣ ತೆಗೆದು ಅವಳ ಮುಂದಿಟ್ಟಿದ್ದ.

ಕಿಟಕಿಯ ಹೊರಗೆ ಜನ ಸೇರತೊಡಗಿದ್ದರು. ಮಂಗಳವಾರದ ಸಂತೆಗೆ ಮದ್ದೂರಿಗೆ ಬಂದವರು ಎತ್ತು ಕಟ್ಟಿ, ಸಾಮಾನು ಇಳಿಸಿ, ಮೊದಲು ಇಲ್ಲಿಗೆ ಬರುತ್ತಾರೆ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಖಾಲಿ ಸೀಸೆ. ಎಣ್ಣೆಯದು, ಷರಬತ್ತಿನದು, ಕೆಲವು ಸಾರಾಯಿಯವು, ಬಿರಡೆಯ ಬದಲು ಜೋಳದ ದಂಟು ತುರುಕಿದವು. ಅವನು ಅವುಗಳ ಮೇಲೆ ಕಾಗದದ ಪಟ್ಟಿ ಅಂಟಿಸುತ್ತಾನೆ. ಒಂದೊಂದು ಡೋಸಿಗೂ ಅದರ ಅಂಚಿನಲ್ಲಿ ಕತ್ತರಿಯಿಂದ ಒಂದೊಂದು ಕಚ್ಚು. ಮೇಲೆ ಒಂದು ಚೀಟಿ: ಕುಲುಕಿ ಕುಡಿಯತಕ್ಕದ್ದು. ಓದಲು ಬಾರದವರಿಗೆ ಅವನೇ ಸೀಸೆಯನ್ನು ಎತ್ತಿ ಹಿಡಿದು ಕುಲುಕಿ ತೋರಿಸುತ್ತಾನೆ. ಮೊದಲೆಲ್ಲ ಹಾಗೆ ತೋರಿಸುವುದೆಂದರೆ ಅವನಿಗೆ ಒಂದು ಹೆಮ್ಮೆ. ತಾನಿಲ್ಲದೆ ಡಾಕ್ಟರ ವಿದ್ಯೆಯೆಲ್ಲ ತಳದಲ್ಲೇ ಕೂತಿರುತ್ತಿತ್ತು ಅನ್ನಿಸುತ್ತಿತ್ತು. ಈಗ ಅದೇ ಕೈ, ಅದೇ ಕುಲುಕು, ಒಳಗೆ ಮಾತ್ರ ಇಡ್ಲಿಗೆ ಹಾಕುವ ಹಿಟ್ಟು. ಬೇಸಿಗೆಯಲ್ಲಿ ಅದು ಎರಡನೇ ದಿನಕ್ಕೇ ಹುಳಿ ಬರುತ್ತದೆ. ಹೊಟ್ಟೆಯ ಹುಳಿಗೆ ಹುಳಿಯನ್ನೇ ಕುಡಿಸುತ್ತಿದ್ದೇನೆ ಎಂದು ಒಂದು ದಿನ ಹೊಳೆದು ಅವನಿಗೆ ನಗು ಬಂದಿತ್ತು. ಆಮೇಲೆ ನಕ್ಕದ್ದಕ್ಕೆ ಮೈ ಜುಮ್ಮೆಂದಿತ್ತು.

ಒಬ್ಬನೇ ಒಬ್ಬ ಅದನ್ನು ಕಂಡುಹಿಡಿದಿದ್ದ. ವೈದ್ಯನಾಥಪುರದ ಪುಟ್ಟಮಾದಯ್ಯ, ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವವನು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನಹಾಲಿನ ನೊರೆ ನೋಡಿಯೇ, ಈಗ ಇಳಿಸಿ, ಈಗ ಬೇಡ ಎನ್ನುವ ಕಣ್ಣು ಅದು. ಎರಡನೇ ಸಲ ಔಷಧಿಗೆ ಬಂದಾಗ ಸೀಸೆಯನ್ನು ಬೆಳಕಿಗೆ ಹಿಡಿದು, "ಸಾಬ್ರೇ, ಇದು ಮದ್ಲಿನಂಗಿಲ್ಲ ಕಣಿ. ಪಾಕ ಎತ್ತಲ್ಲ, ತಳ ಇಡೀತದೆ. ಕುಡುದ್ರೆ ಉರಿ ಇಳ್ಯಾದಿಲ್ಲ" ಎಂದಿದ್ದ. ಹಿಂದೆ ಹತ್ತು ಹನ್ನೆರಡು ಜನ. ಒಳಗೆ ಡಾಕ್ಟರ ಕೆಮ್ಮು. ನಜೀರನ ಬೆನ್ನಿಗೆ ಯಾರೋ ಕಡ್ಡಿ ಗೀರಿ ಹಿಡಿದಂತಾಗಿತ್ತು. "ಕುಲುಕಿ ಕುಡಿಯಯ್ಯಾ ಅಂತ ಎಷ್ಟು ಸಲ ಬಡ್ಕೋಬೇಕು ನಿನ್ನ ಹತ್ರ? ಬೆಲ್ಲ ಕಾಯಿಸೋನು ನೀನು, ನನಗೆ ಔಷಧ ಹೇಳ್ಕೊಡ್ತೀಯಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ್ದ. ಜನ ನಕ್ಕಿದ್ದರು. ಆ ದೊಡ್ಡ ಮೈಯ ಮನುಷ್ಯ, ಕೈಯ ತುಂಬ ಪಾಕ ಸಿಡಿದ ಕಲೆಗಳಿದ್ದವನು, ಶಾಲೆಯ ಮಗುವಿನಂತೆ ತಲೆ ತಗ್ಗಿಸಿ, "ತಪ್ಪಾಯ್ತು ಬುಡಿ. ಇನ್ನು ಸಂದಾಗಿ ಕುಲುಕ್ತೀನಿ" ಎಂದು ಹೋಗಿದ್ದ. ನಾಲ್ಕು ವಾರ ಬಂದ. ಪ್ರತಿ ವಾರವೂ ಪಂಚೆಯನ್ನು ಹೊಟ್ಟೆಯ ಹತ್ತಿರ ಇನ್ನೊಂದು ಸುತ್ತು ಬಿಗಿದುಕೊಂಡಿರುತ್ತಿದ್ದ. ಆಮೇಲೆ ಬರಲಿಲ್ಲ. ವಾಸಿಯಾಗಿರಬೇಕು ಎಂದುಕೊಳ್ಳಲು ನಜೀರ್ ಬಹಳ ಪ್ರಯತ್ನಪಟ್ಟಿದ್ದ.

"ಸಾಬ್ರೇ."

ತಲೆ ಎತ್ತಿದ. ಕಿಟಕಿಯಾಚೆ ಒಬ್ಬ ಹೆಂಗಸು. ಎಲ್ಲೋ ನೋಡಿದ ಮುಖ. ಪುಟ್ಟಮಾದಯ್ಯನ ಹಿಂದೆ ಎರಡು ಹೆಜ್ಜೆ ದೂರ ನಿಂತಿರುತ್ತಿದ್ದ ಅವನ ಹೆಂಡತಿ ಸಣ್ಣತಾಯಮ್ಮ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹಣೆ ಬರಿದಾಗಿದ್ದುದು ಕಂಡದ್ದು ಅದಕ್ಕೂ ಆಮೇಲೆ. ಅವಳು ಸೆರಗಿನ ಒಳಗಿನಿಂದ ಸೀಸೆಯೊಂದನ್ನು ತೆಗೆದು ಕಟ್ಟೆಯ ಮೇಲಿಟ್ಟಳು. ಅರ್ಧ ತುಂಬಿತ್ತು. ಮೇಲೆ ತಿಳಿನೀರು, ಕೆಳಗೆ ಗಟ್ಟಿಯಾಗಿ ಕೂತ ಬಿಳಿ.

"ಇದ ಮಡೀಕಳಿ ಸಾಬ್ರೇ. ನಮ್ಮನೆಯೋರು ಓದ ಸೋಮಾರ ಓಗ್ಬುಟ್ರು."

"ಏನಾಗಿತ್ತು?" ಎಂದ. ಕೇಳಿದವನು ತಾನೇ ಎಂದು ಅವನಿಗೆ ಅನ್ನಿಸಲಿಲ್ಲ.

"ರಗ್ತ ಕಾರ್ಕಂಡ್ರು. ಒಂದು ಚೊಂಬಿನಸ್ಟು. ಮಂಡ್ಯದ ದೊಡ್ಡಾಸ್ಪತ್ರೆಗೆ ಅಂತ ಗಾಡಿ ಕಟ್ದೊ. ಗೆಜ್ಜಲಗೆರೆ ತಾವ್ಲೇ ಉಸ್ರು ನಿಂತೋಯ್ತು." ಅವಳು ಅಳುತ್ತಿರಲಿಲ್ಲ. ಸಂತೆಯ ಧೂಳಿಗೆ ಕಣ್ಣು ಕಿರಿದು ಮಾಡಿಕೊಂಡು, ಲೆಕ್ಕ ಒಪ್ಪಿಸುವವಳ ಹಾಗೆ ಹೇಳುತ್ತಿದ್ದಳು. "ಔಸ್ದ ಅರ್ದ ಅಂಗೇ ಉಳ್ಕತು. ಯಾರಾರ ಬಡವ್ರಿಗೆ ಕೊಟ್ಬುಡಿ, ದಂಡ ಯಾಕೆ. ನೀವು ಬೋದ ಮ್ಯಾಲೆ ಒಂದು ದಿನಾನೂ ಮರೀಲಿಲ್ಲ ಸಾಬ್ರೇ. ಎದ್ದು ಕೂರಾಕೆ ತ್ರಾಣ ಇಲ್ದಿದ್ರೂ ಎಲ್ಡು ಕೈಲೂ ಸೀಸೆ ಇಡ್ಕಂಡು ಕುಲುಕೋರು. ನಾನು ಕುಲುಕ್ತೀನಿ ಕೊಡಿ ಅಂದ್ರೆ ಕೊಡ್ತಿರ್ಲಿಲ್ಲ. 'ಸಾಬ್ರು ಬೈತಾರೆ ಕಣಮ್ಮಿ, ನಾನೇ ಕುಲುಕ್ಬೇಕು' ಅನ್ನೋರು."

ಹಿಂದೆ ಸಾಲಿನಲ್ಲಿದ್ದವರು ಲೊಚಗುಟ್ಟಿದರು. ನಜೀರ್ ಅಹ್ಮದ್ ಸೀಸೆಯನ್ನು ಮುಟ್ಟಲಿಲ್ಲ. ಅವಳು ಬೈಯಬಾರದೇ ಎಂದು ಅವನಿಗೆ ತಡೆಯಲಾರದ ಸಿಟ್ಟು ಬಂತು. ಬಂದು ಈ ಕಿಟಕಿಯ ಸರಳು ಹಿಡಿದು ಅಲ್ಲಾಡಿಸಬಾರದೇ, ನಿನ್ನ ಮನೆ ಹಾಳಾಗ ಎನ್ನಬಾರದೇ. ಇಷ್ಟು ವಿನಯವನ್ನು ಇವರಿಗೆ ಕಲಿಸಿದವರು ಯಾರು? ಸಾಯುತ್ತಿದ್ದ ಮನುಷ್ಯ ತನ್ನ ಬೈಗುಳಕ್ಕೆ ಹೆದರಿ ಅಕ್ಕಿಹಿಟ್ಟನ್ನು ಕುಲುಕುತ್ತಿದ್ದ. ಈ ಮಾತನ್ನು ಹೇಗೆ ತಿರುಗಿಸಿದರೂ ಅದು ಅವನ ಕಡೆಗೇ ಬಂದು ನಿಲ್ಲುತ್ತಿತ್ತು. ಅಂಥ ಹೊತ್ತಿನಲ್ಲೂ ಅವನ ಹೊಟ್ಟೆ ಉರಿಯುತ್ತಿತ್ತು, ಮತ್ತು ಮನಸ್ಸಿನ ಒಂದು ಮೂಲೆ ಮಧ್ಯಾಹ್ನದ ಚಮಚವನ್ನು ನೆನೆಯುತ್ತಿತ್ತು. ಆ ಮೂಲೆಯನ್ನು ಕಂಡು ಅವನಿಗೆ ತನ್ನ ಮುಖಕ್ಕೆ ತಾನೇ ಉಗಿಯಬೇಕೆನ್ನಿಸಿತು.

ಮಾತು ಕೇಳಿಸಿರಬೇಕು, ಒಳಗಿನಿಂದ ಡಾಕ್ಟರು ಬಾಗಿಲವರೆಗೆ ಬಂದರು. ಹೆಂಗಸಿನ ಕಡೆ ನೋಡಿ ತಲೆಯಾಡಿಸಿದರು. "ಪಾಪ" ಎಂದರು. ಆಮೇಲೆ ಸೀಸೆ ನೋಡಿ, ಅದೇ ದನಿಯಲ್ಲಿ, "ಸೀಸೆ ತೊಳೆದಿಟ್ಕೊಳ್ಳಿ ನಜೀರ್, ಈಗ ಸೀಸೆ ಸಿಗೋದೇ ಕಷ್ಟ. ಔಷಧ ಜಾಡಿಗೆ ಹಾಕ್ಬಿಡಿ" ಎಂದು ಹೇಳಿ ಒಳಕ್ಕೆ ಹೋದರು.

ಆಮೇಲೆ ತಾನು ಮಾಡಿದ್ದು ನಜೀರನಿಗೆ ಸರಿಯಾಗಿ ನೆನಪಿರಲಿಲ್ಲ. ಜಾಡಿಯನ್ನು ತಬ್ಬಿಕೊಂಡು ಎತ್ತಿದ್ದು, ಅದರ ತಂಪು ಎದೆಗೆ ಒತ್ತಿದ್ದು, ಬಾಗಿಲು ದಾಟುವಾಗ ಮೊಣಕೈ ಚೌಕಟ್ಟಿಗೆ ತಗುಲಿ ಜೋಮು ಹಿಡಿದದ್ದು ಮಾತ್ರ ನೆನಪಿತ್ತು. ಮೆಟ್ಟಿಲ ಮೇಲೆ ನಿಂತು ಜಾಡಿಯನ್ನು ಬೀದಿಯ ಚರಂಡಿಗೆ ಬೋರಲು ಹಾಕಿದ. ಬಿಳಿ ನೀರು ಪೆಪ್ಪರ್‌ಮಿಂಟಿನ ವಾಸನೆ ಎಬ್ಬಿಸುತ್ತಾ ಕಲ್ಲುಗಳ ಸಂದಿಯಲ್ಲಿ ಹರಿಯಿತು. ಕೊನೆಯಲ್ಲಿ ಜಾಡಿಯ ತಳದಿಂದ ಹಿಟ್ಟಿನ ಮುದ್ದೆ ಜಾರಿ ಚಪ್ಪನೆ ಬಿತ್ತು.

"ಅಯ್ಯಯ್ಯೋ, ಔಸ್ದ!" ಎಂದು ಸಾಲು ಚದುರಿತು. ಹೊಳಲಿನ ಕೆಂಪಸಿದ್ದಯ್ಯ ಎಂಬ ಮುದುಕ, ಎರಡು ತಿಂಗಳಿನಿಂದ ಎದೆಯುರಿಗೆ ಬರುತ್ತಿದ್ದವನು, ಮಂಡಿಯೂರಿ ಕೂತು ತನ್ನ ಸೀಸೆಯ ಬಾಯನ್ನು ಹರಿಯುವ ನೀರಿಗೆ ಹಿಡಿದ. ಇನ್ನೊಬ್ಬಳು ಬೊಗಸೆಯಲ್ಲಿ ತುಂಬಿಕೊಳ್ಳಲು ಬಗ್ಗಿದಳು. ಅದನ್ನು ಕಂಡು ನಜೀರ್ ಕೂಗಿದ.

"ಬಿಡ್ರಯ್ಯಾ ಅದನ್ನ! ಔಷಧ ಅಲ್ಲ ಅದು, ಅಕ್ಕಿಹಿಟ್ಟು! ನಾನೇ ಕಲಸಿದ್ದು! ನಾಲ್ಕು ತಿಂಗಳಿಂದ ನಿಮಗೆ ಹಿಟ್ಟಿನ ನೀರು ಕುಡಿಸ್ತಿದ್ದೀವಿ!"

ಕೆಂಪಸಿದ್ದಯ್ಯ ತಲೆಯೆತ್ತಿ ನೋಡಿದ, ಆದರೆ ಸೀಸೆಯನ್ನು ಕೆಳಗಿಡಲಿಲ್ಲ. "ಅಕ್ಕಿ ರೇಷನ್ನಲ್ಲೇ ಸಿಕ್ಕಾಕಿಲ್ಲ. ಬಿಟ್ಟಿ ಅಕ್ಕಿಹಿಟ್ಟ ಯಾರ್ಲಾ ಸೀಸೆಗಾಕಿ ಕೊಟ್ಟಾರು?" ಎಂದು ಗೊಣಗಿದ. ಯಾರೋ ನಕ್ಕರು. ನಜೀರ್ ಬಗ್ಗಿ ಹಿಟ್ಟಿನ ಮುದ್ದೆಯನ್ನು ಕೈಯಲ್ಲೆತ್ತಿ ಅವರ ಮುಖಕ್ಕೆ ಹಿಡಿದ. ಅವರು ಅವನ ಕೈಯನ್ನು ನೋಡಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದರು, ದೆವ್ವ ಬಂದವನನ್ನು ನೋಡುವ ಹಾಗೆ.

ಡಾಕ್ಟರು ಹೊರಗೆ ಬಂದಾಗ ಬೀದಿ ತಣ್ಣಗಾಯಿತು. ಅವರು ಅವನ ಹೆಗಲ ಮೇಲೆ ಕೈಯಿಟ್ಟು, ಅವನೊಬ್ಬನಿಗೇ ಕೇಳುವಂತೆ, "ಅವನ ಹೊಟ್ಟೇಲಿ ಹುಣ್ಣಿತ್ತು ಕಣ್ರೀ. ನೀವು ಡಬ್ಬಿಗಟ್ಟಲೆ ಮೆಗ್ನೀಸಿಯಾ ಕುಡಿಸಿದ್ದರೂ ಹೋಗ್ತಿದ್ದ" ಎಂದರು. ಅದು ನಿಜವಿರಬಹುದು ಎಂದು ಒಂದು ಕ್ಷಣ ಅನ್ನಿಸಿ ನಜೀರನ ಮೈಯ ಬಿಗಿ ಸಡಿಲವಾಯಿತು. ಆ ಕ್ಷಣಕ್ಕೆ ಕಾದಿದ್ದವರಂತೆ ಡಾಕ್ಟರು ಜನರ ಕಡೆ ತಿರುಗಿದರು. ಮನಸ್ಸಿಲ್ಲದ ಮನಸ್ಸಿನಿಂದ ಹೇಳುವವರಂತೆ ಹೇಳಿದರು: "ಹೇಳಬಾರದು ಅಂತಿದ್ದೆ. ಬೀರುವಿನಿಂದ ದಿನಾ ಔಷಧ ಕದ್ದು ಸಿಕ್ಕಿಬಿದ್ದಿದ್ದಾರೆ ಇವರು. ಡಬ್ಬಿ ಅರ್ಧ ಆಗಿದೆ. ಇವತ್ತು ಕೆಲಸ ಬಿಡಿಸ್ತೀನಿ ಅಂದೆ. ಅದಕ್ಕೆ ಈ ರಂಪ. ಅಲ್ವೇ ನಜೀರ್? ನೀವು ತಗೊಂಡಿಲ್ಲ ಅಂತ ನಿಮ್ಮ ದೇವರ ಮೇಲೆ ಆಣೆ ಮಾಡಿ."

ಅವರಿಗೆ ಗೊತ್ತಿತ್ತು. ಇಷ್ಟು ದಿನವೂ ಗೊತ್ತಿತ್ತು. ಬೀಗದಕೈಯನ್ನು ಅದಕ್ಕಾಗಿಯೇ ಅವನ ಹತ್ತಿರ ಬಿಟ್ಟಿದ್ದರೇನೋ. ನಜೀರ್ ಬಾಯಿ ತೆರೆದ. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಆಣೆ ಮಾಡಲು ಆಗಲಿಲ್ಲ. "ಕಳ್ಳ ನನ್ಮಗ" ಎಂದು ಯಾರೋ ಅಂದರು. ಅವನ ಕೈಯ ಹಿಟ್ಟು ಬೆರಳ ಸಂದಿಯಿಂದ ತೊಟ್ಟಿಕ್ಕುತ್ತಿತ್ತು. ಅವನು ಜನರ ನಡುವೆ ದಾರಿ ಮಾಡಿಕೊಂಡು ಹೊರಟ. ಹೊರಡುವಾಗ ಬೆನ್ನಿಗೆ ಏನೋ ತಗುಲಿತು, ಕಲ್ಲಲ್ಲ, ಬಿರಡೆಯಿರಬೇಕು. ಕಲ್ಲಾಗಿದ್ದರೆ ಚೆನ್ನಾಗಿತ್ತು ಅಂದುಕೊಂಡ.

ಎಲ್ಲಿಗೆ ಹೋಗುತ್ತಿದ್ದೇನೆಂದು ಗೊತ್ತಿಲ್ಲದೆ ನಡೆದ. ಸಂತೆಯ ಮೆಣಸಿನಕಾಯಿ ರಾಶಿ, ಕುರಿಗಳ ಅರಚಾಟ, ರೈಲ್ವೆ ಗೇಟಿನಲ್ಲಿ ಸೋಲ್ಜರುಗಳ ಗಾಡಿಗೆ ಕಾಯುತ್ತಾ ನಿಂತ ಜಟಕಾಗಳು. ಮನೆಗೆ ಹೋಗಿ ರಹೀಮುನ್ನೀಸಾಳಿಗೆ ಏನು ಹೇಳುವುದು? ಸಂಜೆಯೊಳಗೆ ಪೇಟೆಯೆಲ್ಲ ಹೇಳಿರುತ್ತದೆ. ಡಾಕ್ಟರನ್ನು ಕೊಲ್ಲಬೇಕೆನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಮಂಡಿಯೂರಿದ್ದ ಕೆಂಪಸಿದ್ದಯ್ಯನ ಕುತ್ತಿಗೆ ಹಿಡಿದು ಎಬ್ಬಿಸಿ ಕಪಾಳಕ್ಕೆ ಹೊಡೆಯಬೇಕಿತ್ತು ಎನ್ನಿಸಿತು. ತನ್ನ ಕೈ ಏಳುವುದು ಎಂಥವರ ಮೇಲೆ ಎಂದು ಆಗ ತಿಳಿದು, ಗೇಟಿನ ಕಂಬ ಹಿಡಿದು ನಿಂತುಬಿಟ್ಟ. ಬಾಯಿಗೆ ಬಂದ ಹುಳಿನೀರನ್ನು ಉಗಿದ.

"ಸಾಬ್ರೇ, ನಿಂತ್ಕಳಿ."

ಸಣ್ಣತಾಯಮ್ಮ ಏದುಸಿರು ಬಿಡುತ್ತಾ ಬರುತ್ತಿದ್ದಳು. ಕೈಯಲ್ಲಿ ಅದೇ ಅರ್ಧ ಸೀಸೆ. ಹತ್ತಿರ ಬಂದು ನಿಂತಳು, ಎರಡು ಹೆಜ್ಜೆ ದೂರದಲ್ಲಲ್ಲ, ಮುಖಕ್ಕೆ ಮುಖ ಕೊಟ್ಟು.

"ನೀವಂದದ್ದು ದಿಟವಾ?"

"ನಿಜ."

"ಯಾವತ್ತಿಂದ ಗೊತ್ತಿತ್ತು ನಿಮ್ಗೆ?"

"ಮೊದಲಿಂದ. ಕಲಸೋನು ನಾನೇ ಅಲ್ವೇನಮ್ಮ."

"ಅವ್ರಿಗೆ ಬೋದಾಗ್ಲೂ ಗೊತ್ತಿತ್ತಾ?"

ಅವನು ತಲೆಯಾಡಿಸಿದ.

"ಬಾಯಲ್ಲಿ ಯೇಳಿ."

"ಗೊತ್ತಿತ್ತು."

ಅವಳು ಸೀಸೆಯನ್ನು ನೋಡಿದಳು. ಆಮೇಲೆ, ತನಗೇ ಈಗ ಹೊಳೆದಂತೆ, "ಬೀರೂಲಿ ಕದ್ರಿ ಅಂದ್ರಲ್ಲ ಡಾಕ್ಟ್ರು. ಯಾವ್ದ ಕದ್ದಿದ್ದು?" ಎಂದಳು.

"ನಿಜವಾದ ಔಷಧ. ನನಗೂ ಹೊಟ್ಟೆ ಉರಿ. ದಿನಾ ಒಂದು ಚಮಚ." ಕೇಳದಿದ್ದರೂ ಅವನ ಬಾಯಿಂದ ಮುಂದಿನದು ಬಂತು: "ನನ್ನ ಹೆಂಡತಿಗೂ ಒಯ್ದು ಕೊಟ್ಟೆ."

ಅವಳು ಹೊಡೆದದ್ದು ಅವನಿಗೆ ಮೊದಲು ಸದ್ದಾಗಿ ಕೇಳಿಸಿತು. ಗಾಣಕ್ಕೆ ಕಬ್ಬು ಕೊಡುವ ಕೈ. ಟೋಪಿ ಕೆಳಗೆ ಬಿತ್ತು. ಜಟಕಾದವರು ಕತ್ತು ತಿರುಗಿಸಿದರು. ಹೆಂಗಸೊಬ್ಬಳು ಹೊಡೆಯಬೇಕಾದರೆ ಸಾಬರು ಏನೋ ಮಾಡಿರಬೇಕೆಂದು ಒಬ್ಬ ಚಾವಟಿ ಹಿಡಿದು ಇಳಿದೇಬಿಟ್ಟ. "ಏನ್ಲಾ ಮಾಡ್ದೆ ಅವಳ್ಗೆ?" ಎಂದು ಗದರಿದ. ಅವಳೇ ಅವನ ಕಡೆ ತಿರುಗಿ, "ನಿನ್ ಕೆಲ್ಸ ನೋಡೋಗಯ್ಯಾ" ಎಂದು ಕಿರುಚಿದಳು. ಬೆಳಗಿನಿಂದ ತಡೆದಿಟ್ಟಿದ್ದು ಈಗ ಅವಳ ಕಣ್ಣಿನಲ್ಲಿ ಕಾಣುತ್ತಿತ್ತು, ಅದು ನೀರಾಗಿರಲಿಲ್ಲ. ನಜೀರ್ ಟೋಪಿ ಎತ್ತಿಕೊಳ್ಳಲಿಲ್ಲ. ಕೆನ್ನೆ ಕಾಯುತ್ತಿತ್ತು. ಈ ಒಂದು ದಿನದಲ್ಲಿ ತನಗೆ ಸರಿಯಾಗಿ ತಲುಪಿದ ವಸ್ತು ಇದೊಂದೇ ಅನ್ನಿಸಿತು.

"ನಮ್ಮನೆಯೋರು ಪಾಕ ನೋಡಿ ತಪ್ಪು ಯೇಳ್ದವ್ರಲ್ಲ," ಎಂದಳು ಅವಳು. "ಔಸ್ದ ಸರಿಗಿಲ್ಲ ಅಂತ ನಂಗೂ ಅಂದ್ರು. ನಾನು ನಂಬ್ಲಿಲ್ಲ. ಸಾಬ್ರು ಓದ್ದೋರು, ನೀವೇನ್ ಕಂಡಿದ್ದೀರಿ ಅಂದೆ." ಸೀಸೆಯನ್ನು ಸೆರಗಿನೊಳಗೆ ಇಟ್ಟುಕೊಂಡಳು. "ನಡೀರಿ."

"ಎಲ್ಲಿಗೆ?"

"ಠಾಣೆಗೆ. ಬೀದೀಲಿ ಕೂಗುದ್ರೆ ಯಾರ್ ಕೇಳ್ತಾರೆ? ಬರ್ಕಳೋರ ಮುಂದೆ ಯೇಳಿ. ನಾನು ಎಬ್ಬೆಟ್ಟು ಒತ್ತೀನಿ."

ಅವನು ಹೆದರಿದ. ಇಷ್ಟು ಹೊತ್ತಿನ ಸಿಟ್ಟೆಲ್ಲ ಎಲ್ಲೋ ಸೋರಿಹೋಗಿ, ಕೆಲಸ ಹೋಯಿತು, ಇನ್ನು ಜೈಲೂ ಆಗಬಹುದು ಎಂಬ ಲೆಕ್ಕ ತಲೆಯಲ್ಲಿ ಸುತ್ತಿತು. ಡಾಕ್ಟರ ಕಡೆಯವರು ಯಾರಿಲ್ಲ ಈ ಊರಿನಲ್ಲಿ? ಕಳ್ಳನ ಮಾತನ್ನು ನಂಬುವವರು ಯಾರು? ಅವಳು ಹಿಂತಿರುಗಿ ನೋಡದೆ ಮುಂದೆ ನಡೆಯುತ್ತಿದ್ದಳು, ಬರುತ್ತಾನೋ ಇಲ್ಲವೋ ಎಂಬ ಅನುಮಾನವೇ ಇಲ್ಲದವಳಂತೆ. ಆ ಬೆನ್ನನ್ನು ನೋಡುತ್ತಾ ಅವನಿಗೆ ಮತ್ತೆ ಸಿಟ್ಟು ಬಂತು, ಈ ಸಲ ತನ್ನ ಲೆಕ್ಕದ ಮೇಲೆ. ಅವನ ಕಾಲು ನಡೆಯಲು ಆ ಸಿಟ್ಟೇ ಸಾಕಾಯಿತು.

ಠಾಣೆಯ ರೈಟರು ವಯಸ್ಸಾದವನು, ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿಕೊಂಡಿದ್ದ. ಇಬ್ಬರ ಮಾತನ್ನೂ ಪೂರ್ತಿ ಕೇಳಿದ. ಸೀಸೆಯನ್ನು ಈಸಿಕೊಂಡು ಮೂಸಿ ಮುಖ ಹಿಂಡಿದ. ಬಾಯಿಗೆ ಬಟ್ಟೆ ಕಟ್ಟಿ, ಅರಗು ಹಚ್ಚಿ, ಮೇಜಿನ ಒಳಗಿಟ್ಟ. "ಬೆಂಗಳೂರಿಗೆ ಕಳಿಸಿ ನೋಡಿಸಬೇಕಾಗುತ್ತೆ. ತಿಂಗಳುಗಟ್ಟಲೆ ಆಗಬಹುದು. ದೊಡ್ಡೋರ ವಿಷಯ, ಕೊನೆಗೆ ಏನಾಗುತ್ತೋ ನಾನು ಹೇಳಲಾರೆ" ಎಂದ. ಬೆದರಿಸುವ ದನಿಯಾಗಿರಲಿಲ್ಲ ಅದು. ಕಾಗದ ಮಡಿಸಿ ಅಂಚು ಬಿಟ್ಟುಕೊಂಡು, ಲೇಖನಿಯನ್ನು ಮಸಿಯಲ್ಲಿ ಅದ್ದಿದ.

"ಯಾರ ಮೇಲೆ ಅಂತ ಬರೀಲಮ್ಮ? ಡಾಕ್ಟರ ಹೆಸರು ಹೇಳು."

ಸಣ್ಣತಾಯಮ್ಮ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಕೂತಲ್ಲಿಂದಲೇ ಕೈಯೆತ್ತಿ ನಜೀರನ ಕಡೆ ತೋರಿಸಿದಳು.

"ಮದ್ಲು ಇವ್ರ ಹೆಸ್ರು ಬರ್ಕಳಿ ಸ್ವಾಮಿ. ಡಾಕ್ಟ್ರುದ್ದು ಆಮೇಲೆ."

ರೈಟರು ಕನ್ನಡಕದ ಮೇಲಿನಿಂದ ನೋಡಿದ. "ಇವರು ಸಾಕ್ಷಿ ಹೇಳೋಕೆ ಬಂದೋರಲ್ವೇನಮ್ಮ? ನಿನ್ನ ಕಡೆಯೋರು."

"ನನ್ನ ಕಡೆಯೋರಲ್ಲ," ಎಂದಳು.

ನಜೀರನ ತಲೆಗೆ ರಕ್ತ ನುಗ್ಗಿತು. ನಾನಾಗಿ ಬಂದವನು, ಬೀದಿಯಲ್ಲಿ ನಿಂತು ಕೂಗಿದವನು, ಕೆಲಸ ಕಳೆದುಕೊಂಡವನು ಎಂಬ ಮಾತುಗಳೆಲ್ಲ ಒಟ್ಟಿಗೆ ನಾಲಗೆಯ ತುದಿಗೆ ಬಂದು ನೂಕಾಡಿದವು. ಅವಳು ಅವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಕ್ಷಮೆಯೂ ಇರಲಿಲ್ಲ, ಅವಸರವೂ ಇರಲಿಲ್ಲ. ಅವನು ಮೇಜಿನ ಅಂಚನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದುಕೊಂಡ.

"ಬರ್ಕೊಳ್ರೀ," ಎಂದು ರೈಟರ ಮೇಲೆ ರೇಗಿದ. "ನಜೀರ್ ಅಹ್ಮದ್. ತಂದೆ ಅಕ್ರಂ ಪಾಷಾ. ಕಾಂಪೌಂಡರು. ತಪ್ಪಿಲ್ಲದ ಹಾಗೆ ಬರೀರಿ."